ಸುಮ್ಮನಿದ್ದುದನ್ನು ಕೊಡುವುದು ದಾನವೇ?

ತನಗೆ ಬೇಡವಾದುದನ್ನು ಕೊಟ್ಟರೆ ಅದು ದಾನವೆನಿಸೀತೇ ಎಂಬ ಪ್ರಶ್ನೆ ಬಹು ಹಳೆಯದು. ಉಂಡು ಮಿಕ್ಕ ಅನ್ನ, ಉಟ್ಟು ಹಳತಾದ ಬಟ್ಟೆ, ಓದಿ ಬದಿಗಿಟ್ಟ ಪುಸ್ತಕ, ಇವುಗಳಿಂದ ಪಡೆಯುವವನಿಗೆ ಉಪಕಾರವಾಗುವುದರಲ್ಲಿ ಸಂಶಯವಿಲ್ಲ. ಆದರೆ ಕೊಟ್ಟವನಿಂದ ಏನು ಹೋಯಿತು, ಅವನಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಈ ಪ್ರಶ್ನೆಯನ್ನು ಹೊಸ ರೂಪದಲ್ಲಿ ನಮ್ಮ ಮುಂದೆ ತಂದಿರಿಸಿದ್ದು ಒಂದು ಗಣಕಯಂತ್ರ.

೨೦೨೦ರ ಬೇಸಿಗೆ. ರೋಗಭಯದಿಂದ ನಾಡೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳು. ಊರಿಗೆ ಹೋಗಲಾಗದೆ ಮಠದ ಪ್ರಸಾದ ನಿಲಯದಲ್ಲಿ ಉಳಿದಿದ್ದ ಕೆಲವೇ ವಿದ್ಯಾರ್ಥಿಗಳಲ್ಲಿ ವಿಜ್ಞಾನ ಓದುವ ಒಬ್ಬನಿಗೆ ಕಚೇರಿಯ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ವಹಿಸಿದ್ದೆವು. ಒಂದು ರಾತ್ರಿ ಬೀಗ ಹಾಕಿದ ಕಚೇರಿಯೊಳಗೆ ಯಂತ್ರದ ಸದ್ದು ಕೇಳಿ, ವ್ಯವಸ್ಥಾಪಕರು ಬೆಳಗಾಗುತ್ತಲೇ ಹುಡುಗನನ್ನು ನಮ್ಮ ಮುಂದೆ ಕರೆತಂದರು. ಅವನು ಅಂಜದೆ ನುಡಿದನು: “ಬುದ್ಧಿ, ರಾತ್ರಿಯೆಲ್ಲ ಅದು ಸುಮ್ಮನೆ ಕುಳಿತಿರುತ್ತದೆ. ಈ ರೋಗಕ್ಕೆ ಔಷಧ ಹುಡುಕುವ ವಿಜ್ಞಾನಿಗಳಿಗೆ ಅದರ ಶಕ್ತಿಯನ್ನು ಕೊಟ್ಟೆ. ಯಾರಿಗೂ ನಷ್ಟವಿಲ್ಲ, ಲೋಕಕ್ಕೆ ಲಾಭ. ಇದು ತಪ್ಪೇ?”

ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಮೊದಲು ಅವನು ಮಾಡಿದ್ದೇನೆಂಬುದನ್ನೇ ಅವನಿಂದ ಕೇಳಿ ತಿಳಿದುಕೊಂಡೆವು.

ಒಂದು ಯಂತ್ರಕ್ಕೆ ನೂರಾರು ವರ್ಷ ಹಿಡಿಯಬಹುದಾದ ಲೆಕ್ಕವನ್ನು ಲಕ್ಷಾಂತರ ತುಣುಕುಗಳಾಗಿ ಒಡೆದು, ಅಂತರ್ಜಾಲದ ಮೂಲಕ ಮನೆಮನೆಯ ಯಂತ್ರಗಳಿಗೆ ಹಂಚುವ ಪದ್ಧತಿಯೊಂದಿದೆ. ಒಡೆಯನು ಬಳಸದಿರುವ ವೇಳೆಯಲ್ಲಿ ಯಂತ್ರವು ತನ್ನ ಪಾಲಿನ ತುಣುಕನ್ನು ಬಿಡಿಸಿ ಉತ್ತರವನ್ನು ಹಿಂದಿರುಗಿಸುತ್ತದೆ. ೧೯೯೯ರ ಮೇ ತಿಂಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ‘ಸೆಟಿ ಅಟ್ ಹೋಮ್’ ಎಂಬ ಯೋಜನೆಯನ್ನು ಆರಂಭಿಸಿದರು. ಪೋರ್ಟೊ ರಿಕೊ ದ್ವೀಪದ ಅರೆಸಿಬೊ ದೂರದರ್ಶಕವು ಆಕಾಶದಿಂದ ಹಿಡಿದ ರೇಡಿಯೊ ಅಲೆಗಳಲ್ಲಿ ಅನ್ಯಲೋಕದ ಬುದ್ಧಿಜೀವಿಗಳ ಸಂಕೇತವೇನಾದರೂ ಅಡಗಿದೆಯೇ ಎಂದು ಹುಡುಕುವುದು ಅದರ ಉದ್ದೇಶ. ಕಾಲಕ್ರಮದಲ್ಲಿ ೫೦ ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಪಾಲ್ಗೊಂಡರು. ೨೦೦೦ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಫೋಲ್ಡಿಂಗ್ ಅಟ್ ಹೋಮ್’ ಹುಟ್ಟಿತು. ದೇಹದ ಪ್ರೋಟೀನ್ ಅಣುಗಳು ಹೇಗೆ ಮಡಿಚಿಕೊಂಡು ತಮ್ಮ ಆಕಾರ ತಾಳುತ್ತವೆ, ಆ ಆಕಾರ ಹೇಗೆ ಚಲಿಸುತ್ತದೆ ಎಂಬುದನ್ನು ಲೆಕ್ಕಹಾಕುವುದು ಅದರ ಕೆಲಸ. ೨೦೨೦ರಲ್ಲಿ ಅದು ಕೊರೊನಾ ವೈರಾಣುವಿನ ಪ್ರೋಟೀನ್‌ಗಳತ್ತ ತಿರುಗಿದಾಗ ಲೋಕದ ಮೂಲೆಮೂಲೆಗಳಿಂದ ಜನ ಬಂದು ಸೇರಿದರು. ಆ ಯಂತ್ರಗಳೆಲ್ಲ ಕೂಡಿ ಸೆಕೆಂಡಿಗೆ ಮಾಡುತ್ತಿದ್ದ ಲೆಕ್ಕಗಳ ಸಂಖ್ಯೆ ಒಂದರ ಮುಂದೆ ೧೮ ಸೊನ್ನೆಗಳನ್ನಿಟ್ಟಷ್ಟನ್ನು ಮೀರಿತು. ಅಂದಿನ ಯಾವ ಮಹಾಗಣಕವೂ ಆ ಮಟ್ಟವನ್ನು ಮುಟ್ಟಿರಲಿಲ್ಲ. ನಮ್ಮ ಹುಡುಗನು ಸೇರಿದ್ದು ಈ ಯೋಜನೆಗೆ.

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇ ಎಂಬ ಗಾದೆಯಿದೆ. ಹುಡುಗನ ವಾದವೂ ಅದೇ. ಆದರೆ ಯಂತ್ರದ ಶಕ್ತಿ ಹೊಳೆಯ ನೀರಲ್ಲ. ಸುಮ್ಮನಿರುವ ಯಂತ್ರಕ್ಕಿಂತ ದುಡಿಯುವ ಯಂತ್ರ ಹೆಚ್ಚು ವಿದ್ಯುತ್ತನ್ನು ಉಣ್ಣುತ್ತದೆ. ಹೆಚ್ಚುವರಿ ೧೦೦ ವ್ಯಾಟ್ ಎಂದಿಟ್ಟುಕೊಂಡರೂ ೧೦ ಗಂಟೆಗೆ ಒಂದು ಯೂನಿಟ್, ತಿಂಗಳಿಗೆ ೩೦ ಯೂನಿಟ್. ಮೊತ್ತ ಅಲ್ಪವಾದುದೇ ಸರಿ; ಆದರೆ ಅದನ್ನು ತೆರುವವರಾರು? ಪ್ರಸಾದ ನಿಲಯದ ದೀಪ ಉರಿಯುವುದು ಭಕ್ತರ ಕಾಣಿಕೆಯಿಂದ. ಮಕ್ಕಳು ಉಣ್ಣಲಿ ಎಂದು ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದ ಮುದುಕಿಯನ್ನು, ಈ ಸಂಶೋಧನೆಗೆ ಒಂದು ಹಿಡಿ ಕೊಡುವೆಯಾ ತಾಯಿ ಎಂದು ಯಾರೂ ಕೇಳಿರಲಿಲ್ಲ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದಂತಾಯಿತು. ಇಂತಹ ಯೋಜನೆಗಳಿಗಾಗಿ ತಾವು ದುಡಿಯುವ ಕಚೇರಿಗಳ ಯಂತ್ರಗಳನ್ನು ಒಡೆಯರ ಅನುಮತಿಯಿಲ್ಲದೆ ತೊಡಗಿಸಿದವರು ಅನ್ಯದೇಶಗಳಲ್ಲಿಯೂ ಉಂಟು. ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಪರರದನ್ನು ತನ್ನದೆಂಬಂತೆ ಕೊಟ್ಟುದು ದಾನವೆನಿಸದು.

ಇಷ್ಟನ್ನು ಹುಡುಗನಿಗೆ ಹೇಳಿ ಕಳುಹಿಸಿದ ಮೇಲೆ ನಮ್ಮ ಮನಸ್ಸಿಗೆ ನೆಮ್ಮದಿಯಾಗಲಿಲ್ಲ. ಆ ಮಾತು ತಿರುಗಿ ನಮ್ಮನ್ನೇ ಮುಟ್ಟಿತು. ಮಠದಲ್ಲಿ ಉಣಬಡಿಸುವ ಅನ್ನ ನಾವು ಬೆಳೆದುದಲ್ಲ. ಆದರೂ ಸಭೆಗಳಲ್ಲಿ ನಮ್ಮನ್ನು ಅನ್ನದಾತರೆಂದು ಹೊಗಳಿದಾಗ ನಾವು ಬೇಡವೆಂದು ಎದ್ದು ನಿಂತದ್ದಿಲ್ಲ. ಪರರ ಗಂಟನ್ನು ಹಂಚಿ ಹೆಸರು ಪಡೆಯುವ ದೋಷ ಹುಡುಗನಲ್ಲಿ ಒಂದು ಪಾಲಿದ್ದರೆ ನಮ್ಮಲ್ಲಿ ನೂರು ಪಾಲಿತ್ತು. ಶರಣರು ದಾನವೆಂಬ ಮಾತನ್ನು ಬಿಟ್ಟು ದಾಸೋಹವೆಂದದ್ದು ಏಕೆಂದು ಅಂದು ಮತ್ತೊಮ್ಮೆ ತಿಳಿಯಿತು. ದಾನದಲ್ಲಿ ‘ನಾನು ಕೊಟ್ಟೆ’ ಎಂಬುದು ಉಳಿಯುತ್ತದೆ. ದಾಸೋಹದಲ್ಲಿ ಕೊಡುವವನು ಬರಿಯ ಕೈ.

ಇನ್ನು ಫಲದ ಮಾತು. ಈ ಯೋಜನೆಗಳಲ್ಲಿ ಪಾಲ್ಗೊಂಡವರಿಗೆ ಅಂಕಗಳನ್ನು ಕೊಡುವ ಪದ್ಧತಿಯಿದೆ. ತಂಡಗಳು ಅದಕ್ಕಾಗಿ ಪೈಪೋಟಿ ನಡೆಸಿದವು. ಕೆಲವರು ಅಂಕದಾಸೆಗೆ ಸುಳ್ಳು ಉತ್ತರಗಳನ್ನೂ ಕಳುಹಿಸಿದರು. ಆದಕಾರಣ ಒಂದೇ ತುಣುಕನ್ನು ಇಬ್ಬರು ಮೂವರಿಗೆ ಹಂಚಿ ಉತ್ತರಗಳನ್ನು ತಾಳೆನೋಡುವ ಕ್ರಮ ಅನಿವಾರ್ಯವಾಯಿತು. ಕೆಲವರಿಗೆ ಫಲ ಕಣ್ಣಿಗೆ ಕಾಣುವಂತೆ ದೊರೆಯುವುದೂ ಉಂಟು. ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯಲ್ಲಿ ಅಮೆರಿಕದ ದಂಪತಿಗಳ ಯಂತ್ರವೂ ಜರ್ಮನಿಯ ಒಬ್ಬರ ಯಂತ್ರವೂ ಸೆಕೆಂಡಿಗೆ ಸುಮಾರು ೪೧ ಬಾರಿ ಸುತ್ತುವ ನಕ್ಷತ್ರವೊಂದನ್ನು ಪತ್ತೆಹಚ್ಚಿದವು. ೨೦೧೦ರಲ್ಲಿ ಅದು ಪ್ರಕಟವಾಯಿತು. ಆದರೆ ‘ಸೆಟಿ’ಗೆ ದುಡಿದ ೫೦ ಲಕ್ಷ ಜನರಿಗೆ ಏನು ದೊರೆಯಿತು? ೨೦೨೦ರ ಮಾರ್ಚಿಯಲ್ಲಿ ಅದು ತುಣುಕುಗಳನ್ನು ಹಂಚುವುದನ್ನು ನಿಲ್ಲಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅರೆಸಿಬೊ ದೂರದರ್ಶಕವೇ ಕುಸಿದುಬಿದ್ದಿತು. ಅನ್ಯಲೋಕದ್ದೆಂದು ದೃಢಪಟ್ಟ ಸಂಕೇತ ಒಂದೂ ಸಿಕ್ಕಿಲ್ಲ. ಹಾಗೆಂದು ಅವರ ಸೇವೆ ವ್ಯರ್ಥವೇ? ಹುಡುಕಿದ ಜಾಗದಲ್ಲಿ ಇಲ್ಲವೆಂದು ತಿಳಿಯುವುದೂ ಜ್ಞಾನದ ಒಂದು ಮೆಟ್ಟಿಲು. ತನ್ನ ಪಾಲಿಗೆ ಬಂದ ತುಣುಕಿನಲ್ಲಿ ಏನೂ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಿದವನೂ, ಇದೆ ಎಂದು ಕಂಡವನೂ ಒಂದೇ ಕಾಯಕದ ಪಾಲುಗಾರರು.

ಕೆಲವು ದಿನಗಳ ನಂತರ ಈ ವಿಷಯವನ್ನು ಮಠದ ಆಡಳಿತ ಸಮಿತಿಯ ಹಿರಿಯರ ಮುಂದಿಟ್ಟು, ದೂರವಾಣಿಯಲ್ಲಿಯೇ ಅವರ ಒಪ್ಪಿಗೆ ಪಡೆದೆವು. ರಾತ್ರಿ ಇಷ್ಟು ಗಂಟೆಯೆಂದು ಗೊತ್ತುಮಾಡಿದೆವು. ವಿದ್ಯುತ್ತಿನ ಖರ್ಚಿಗೆ ಬದಲಾಗಿ ತಾನು ದಿನವೂ ಮಠದ ತೋಟಕ್ಕೆ ನೀರು ಹಾಯಿಸುವೆನೆಂದು ಹುಡುಗನೇ ಮುಂದೆ ಬಂದನು. ಅಲ್ಲಿಯವರೆಗೆ ಅಂಕಗಳು ಅವನ ಹೆಸರಿಗೆ ಜಮೆಯಾಗುತ್ತಿದ್ದವು. ಹೆಸರಿಲ್ಲದೆಯೂ ಸೇರಬಹುದೆಂದು ತಿಳಿದು, ಯಾರೂ ಹೇಳದೆಯೇ ತನ್ನ ಹೆಸರನ್ನು ತೆಗೆದುಹಾಕಿದನು.

ಸುಮ್ಮನಿದ್ದುದನ್ನು ಕೊಡುವುದು ದಾನವೇ ಎಂಬ ಪ್ರಶ್ನೆಗೆ ನಮಗೆ ದೊರೆತ ಉತ್ತರ ಇಷ್ಟು: ಅದು ಯಾರದು, ಅದಕ್ಕೆ ಬೆಲೆ ತೆರುವವರಾರು ಎಂಬ ಎರಡನ್ನು ಕೇಳಿಕೊಳ್ಳದೆ ಕೊಟ್ಟರೆ ಅಲ್ಲ, ಕೇಳಿಕೊಂಡು, ಆ ಬೆಲೆಯನ್ನು ತಾನೇ ತೆತ್ತು ಕೊಟ್ಟರೆ ಹೌದು. ಆ ಬೇಸಿಗೆಯಲ್ಲಿ ಹುಡುಗನು ನೀರು ಹಾಯಿಸಿದ ತೆಂಗಿನ ಸಸಿಗಳು ಇಂದು ಆಳೆತ್ತರ ಬೆಳೆದಿವೆ. ನಮ್ಮನ್ನು ಅನ್ನದಾತರೆಂದು ಯಾರಾದರೂ ಕರೆದಾಗ ನಾವು ಆ ಕಡೆಗೆ ನೋಡುತ್ತೇವೆ.