ನಿಲ್ಲದ ಗರ್ಭ, ನಿಲ್ಲದ ದೂಷಣೆ

ಮದುವೆಯಾಗಿ ಆರು ವರ್ಷ ಕಳೆದ ದಂಪತಿಯೊಂದನ್ನು ಊಹಿಸಿಕೊಳ್ಳಿ. ಸಾಲ ಮಾಡಿ ಪ್ರನಾಳ ಶಿಶು ಚಿಕಿತ್ಸೆ ಪಡೆದಿದ್ದಾರೆ. ಭ್ರೂಣ ಚೆನ್ನಾಗಿದೆ ಎಂದು ವೈದ್ಯರು ಹೇಳಿದ್ದರು. ಆದರೂ ಗರ್ಭ ನಿಲ್ಲಲಿಲ್ಲ. ಆ ದಿನ ಮನೆಯಲ್ಲಿ ಮೊದಲು ಹೊರಡುವ ಮಾತು ಯಾವುದು? "ಬೀಜ ಚೆನ್ನಾಗಿತ್ತು, ನೆಲ ಸರಿಯಿಲ್ಲ." ಪ್ರಿಯ ಓದುಗರೇ, ಈ ಮಾತಿನಲ್ಲಿ ಸತ್ಯವೆಷ್ಟು, ಅನ್ಯಾಯವೆಷ್ಟು?

ಗರ್ಭಕೋಶದ ಒಳಪದರವು ಭ್ರೂಣವನ್ನು ಎಲ್ಲ ದಿನಗಳಲ್ಲೂ ಸ್ವೀಕರಿಸುವುದಿಲ್ಲ ಎಂಬುದು ನಿಜ. ಅಂಡ ಬಿಡುಗಡೆಯಾದ ಬಳಿಕ ಸುಮಾರು 6ರಿಂದ 10ನೇ ದಿನದೊಳಗೆ, ಪ್ರೊಜೆಸ್ಟೆರೋನ್ ಹಾರ್ಮೋನಿನ ಪ್ರಭಾವದಿಂದ ಅದು ಸಿದ್ಧವಾಗುತ್ತದೆ. ವೈದ್ಯರು ಸ್ಕ್ಯಾನಿಂಗ್ ಮಾಡಿ ಪದರದ ದಪ್ಪ ಅಳೆಯುತ್ತಾರೆ. ಅದು 7 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದೆಂದು ಸಾಮಾನ್ಯವಾಗಿ ಬಯಸುತ್ತಾರೆ. ಆದರೆ ತೆಳುವಾದ ಪದರದಲ್ಲಿ ಗರ್ಭ ನಿಂತದ್ದೂ ಇದೆ, ದಪ್ಪ ಪದರದಲ್ಲಿ ನಿಲ್ಲದೆ ಹೋದದ್ದೂ ಇದೆ.

ಪದರದ ಚೂರೊಂದನ್ನು ತೆಗೆದು, ಅದರ ಜೀನ್‌ಗಳನ್ನು ಓದಿ, ಭ್ರೂಣ ಸೇರಿಸಲು ತಕ್ಕ ಸಮಯವನ್ನು ಹೇಳುವ ಪರೀಕ್ಷೆಯೂ ಬಂದಿದೆ. ಇದರಿಂದ ಪ್ರಯೋಜನವಿದೆಯೇ ಎಂದು 767 ಮಹಿಳೆಯರಲ್ಲಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಪರೀಕ್ಷೆ ಹೇಳಿದ ಸಮಯಕ್ಕೆ ಭ್ರೂಣ ಸೇರಿಸಿದವರಲ್ಲಿ ಶೇ. 58.5ರಷ್ಟು ಮಂದಿಗೆ, ಎಂದಿನ ಸಮಯಕ್ಕೆ ಸೇರಿಸಿದವರಲ್ಲಿ ಶೇ. 61.9ರಷ್ಟು ಮಂದಿಗೆ ಮಗುವಾಯಿತು. ಅಂದರೆ ಲಾಭವೇನೂ ಕಾಣಲಿಲ್ಲ. ಪದರವನ್ನು ತುಸು ಗೀರಿದರೆ ಭ್ರೂಣ ಬೇಗ ನೆಲೆಯೂರುತ್ತದೆ ಎಂಬ ನಂಬಿಕೆಯೂ ಇತ್ತು. 2019ರಲ್ಲಿ ಪ್ರಕಟವಾದ, 1,364 ಮಹಿಳೆಯರ ಅಧ್ಯಯನದಲ್ಲಿ ಗೀರಿದವರಿಗೂ ಗೀರದವರಿಗೂ ಫಲ ಒಂದೇ: ಶೇ. 26.1.

ಹಾಗಾದರೆ ಚಿಕಿತ್ಸೆಯೇ ಬೇಡವೇ? ಹಾಗಲ್ಲ. ಪದರದಲ್ಲಿ ಗಡ್ಡೆ, ಸೋಂಕು, ಅಂಟಿಕೊಂಡ ಗಾಯ ಇದ್ದರೆ ಅದನ್ನು ಪತ್ತೆ ಹಚ್ಚಿ ಚಿಕಿತ್ಸೆ ಮಾಡಿಸಬೇಕು. ಯತ್ನ ಬಿಡುವುದು ತವಕ್ಕುಲ್ ಅಲ್ಲ. ವಿವಾಹ ಬಂಧನದಲ್ಲಿರುವ ಪತಿ-ಪತ್ನಿಯರ ನಡುವೆ, ಮೂರನೆಯವರ ಪಾಲಿಲ್ಲದೆ, ಈ ಚಿಕಿತ್ಸೆಗೆ ಅನುಮತಿಯಿದೆ ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1986ರಲ್ಲಿ ಅಮ್ಮಾನ್‌ನಲ್ಲಿ ತೀರ್ಮಾನಿಸಿತ್ತು. ಆದರೆ ಯತ್ನವೇ ಬೇರೆ, ಫಲ ಬರಲೇಬೇಕೆಂಬ ಹಠವೇ ಬೇರೆ.

ಇಲ್ಲಿ ವೈದ್ಯರಿಗೊಂದು ಹೊಣೆಯಿದೆ. ಒದ್ದೆಯಾದ ಧಾನ್ಯವನ್ನು ರಾಶಿಯ ಒಳಗೆ ಮರೆಮಾಡಿದ್ದ ವ್ಯಾಪಾರಿಯನ್ನು ಪ್ರವಾದಿ(ಸ)ರು ಎಚ್ಚರಿಸಿದ ಘಟನೆ ನಿಮಗೆ ಗೊತ್ತಿದೆ. ಪ್ರಯೋಜನ ಸಾಬೀತಾಗದ ಪರೀಕ್ಷೆಯನ್ನು ಭರವಸೆಯ ಹೆಸರಲ್ಲಿ ಮಾರುವುದು ಅದಕ್ಕಿಂತ ಎಷ್ಟು ಭಿನ್ನ? ಯಶಸ್ಸಿನ ಸಾಧ್ಯತೆ ಎಷ್ಟೆಂದು ದಂಪತಿಗೆ ತಿಳಿಸಬೇಕೆಂದು ನಮ್ಮ ದೇಶದ 2021ರ ಕಾಯ್ದೆಯೂ ಹೇಳುತ್ತದೆ. ಆದ್ದರಿಂದ ಸಂಕೋಚ ಬಿಟ್ಟು ಕೇಳಿರಿ: "ಡಾಕ್ಟ್ರೇ, ಈ ಪರೀಕ್ಷೆಯಿಂದ ನಮ್ಮ ಚಿಕಿತ್ಸೆ ಬದಲಾಗುತ್ತದೆಯೇ? ಇದನ್ನು ಮಾಡಿಸಿದವರಿಗೆ ಹೆಚ್ಚು ಮಕ್ಕಳಾಗಿವೆಯೇ?"

ಅದಕ್ಕಿಂತ ದೊಡ್ಡ ಹೊಣೆ ಮನೆಯವರದ್ದು. ಭ್ರೂಣ ನೆಲೆಯೂರದಿರಲು ಒಂದು ಮುಖ್ಯ ಕಾರಣ ಭ್ರೂಣದೊಳಗಿನ ವರ್ಣತಂತುಗಳ ದೋಷ. ಭ್ರೂಣದಲ್ಲಿ ತಂದೆಯ ಪಾಲೂ ಇದೆ, ತಾಯಿಯ ಪಾಲೂ ಇದೆ. ಹೀಗಿರುವಾಗ ಒಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸಿ "ಬಂಜೆ" ಎಂದು ತೀರ್ಪು ಕೊಡುವ ಅಧಿಕಾರ ನಮಗೆ ಯಾರು ಕೊಟ್ಟರು? ಯಾರಿಗೆ ಗಂಡು, ಯಾರಿಗೆ ಹೆಣ್ಣು, ಯಾರಿಗೆ ಸಂತಾನವೇ ಇಲ್ಲ ಎಂಬುದು ಅಲ್ಲಾಹನ ತೀರ್ಮಾನವೆಂದು ನಾವು ನಂಬುತ್ತೇವೆ. ಆ ನಂಬಿಕೆ ನಿಜವಾಗಿದ್ದರೆ ಸೊಸೆಯ ಮೇಲೆ ಆರೋಪ ಹೊರಿಸುವುದು ಹೇಗೆ?

ಸೂಕ್ಷ್ಮದರ್ಶಕ ಹಿಡಿದವರೂ ಖಚಿತವಾಗಿ ಹೇಳಲಾಗದ ವಿಷಯವನ್ನು ಅಡುಗೆಮನೆಯಲ್ಲಿ ಕುಳಿತು ನಾವು ಖಚಿತವಾಗಿ ಹೇಳದಿರೋಣ. ಮುಂದಿನ ಬಾರಿ ಅಂಥ ಸಹೋದರಿಯೊಬ್ಬಳು ಬರಿಗೈಯಲ್ಲಿ ಆಸ್ಪತ್ರೆಯಿಂದ ಮರಳಿದಾಗ ಪ್ರಶ್ನೆ ಕೇಳಬೇಡಿ. ಒಂದು ಲೋಟ ನೀರು ಕೊಡಿ, ಪಕ್ಕದಲ್ಲಿ ಕುಳಿತುಕೊಳ್ಳಿ, ಅವಳಿಗಾಗಿ ದುಆ ಮಾಡಿ.