ನಿಷೇಧದ ಋಣ

2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಇ-ಸಿಗರೇಟನ್ನು, ಅಂದರೆ ವೇಪನ್ನು, ನಿಷೇಧಿಸಿತು. ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಕರ್ನಾಟಕ ಈ ಕೆಲಸವನ್ನು 2016ರಲ್ಲೇ ಮಾಡಿತ್ತು. ಈಗ ದೇಶದಲ್ಲಿ ವೇಪ್ ತಯಾರಿಸುವುದು, ತರಿಸುವುದು, ಸಾಗಿಸುವುದು, ಮಾರುವುದು, ದಾಸ್ತಾನಿಡುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮೊದಲ ಸಲ ಮಾರಿ ಸಿಕ್ಕಿಬಿದ್ದವನಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದುವುದನ್ನು ಮಾತ್ರ ಕಾಯ್ದೆ ಅಪರಾಧಗಳ ಪಟ್ಟಿಗೆ ಸೇರಿಸಿಲ್ಲ. ಮಾರುವವನು ಕೇಡಿಗ, ಕೊಳ್ಳುವವನು ಕಾಪಾಡಬೇಕಾದವನು ಎಂಬ ಎಣಿಕೆ ಇದರ ಹಿಂದಿದೆ. ಆ ಎಣಿಕೆ ಎಷ್ಟು ಗಟ್ಟಿ?

ಮೊದಲು, ಎಲ್ಲರ ಬಾಯಲ್ಲೂ ಇರುವ ಆಕ್ಷೇಪ. ವೇಪ್ ಮಾರಬಾರದ ಅದೇ ಗೂಡಂಗಡಿಯಲ್ಲಿ ಬೀಡಿ, ಸಿಗರೇಟು, ಜರ್ದಾ ರಾಜಾರೋಷವಾಗಿ ಸಿಗುತ್ತವೆ. ಪಿರಿಯಾಪಟ್ಟಣ, ಹುಣಸೂರು ಕಡೆಯ ರೈತರು ಬೆಳೆದ ವರ್ಜೀನಿಯಾ ಹೊಗೆಸೊಪ್ಪನ್ನು ಕೇಂದ್ರ ಸರ್ಕಾರದ್ದೇ ಆದ ತಂಬಾಕು ಮಂಡಳಿ ಮುಂದೆ ನಿಂತು ಹರಾಜು ಹಾಕಿಸುತ್ತದೆ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಐಟಿಸಿಯಲ್ಲಿ ಸರ್ಕಾರಿ ಒಡೆತನದ ಎಲ್‌ಐಸಿ ದೊಡ್ಡ ಷೇರುದಾರ. ಜೀವಕ್ಕೆ ವಿಮೆ ಕೊಡುವ ಸಂಸ್ಥೆಯ ದುಡ್ಡು ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ. ಸಿಗರೇಟಿನಲ್ಲಿ ಎಲೆ ಸುಡುತ್ತದೆ, ಟಾರು ಮತ್ತು ಕಾರ್ಬನ್ ಮಾನಾಕ್ಸೈಡು ಶ್ವಾಸಕೋಶಕ್ಕೆ ಇಳಿಯುತ್ತವೆ. ವೇಪ್‌ನಲ್ಲಿ ಸುಡುವ ಎಲೆ ಇಲ್ಲ, ನಿಕೊಟಿನ್ ಬೆರೆತ ದ್ರವ ಬಿಸಿಯಾಗಿ ಆವಿಯಾಗುತ್ತದೆ. ಅದು ನಿರಪಾಯವಲ್ಲ, ಆದರೆ ಸಿಗರೇಟಿನಷ್ಟು ಕೆಡುಕಿನದೂ ಅಲ್ಲ. ಹೆಚ್ಚು ಕೊಲ್ಲುವುದನ್ನು ಮಾರಲು ಬಿಟ್ಟು ಕಡಿಮೆ ಕೆಡಿಸುವುದನ್ನು ತಡೆಯುವುದು ಯಾವ ನ್ಯಾಯ?

ಈ ಪ್ರಶ್ನೆ ಸರ್ಕಾರದ ಇಬ್ಬಂದಿತನವನ್ನು ಬಯಲು ಮಾಡುತ್ತದೆ, ಅಷ್ಟೇ. ನಿಷೇಧ ತಪ್ಪೆಂದು ಸಾಧಿಸುವುದಿಲ್ಲ. ಹಳೆಯ ಚಟಕ್ಕೆ ಬೇರುಗಳಿವೆ. ದಕ್ಷಿಣ ಕನ್ನಡದ ಎಷ್ಟೋ ಮನೆಗಳು ಹೆಂಗಸರು ಕಟ್ಟಿದ ಬೀಡಿಯಿಂದ ನಡೆದಿವೆ, ಮಕ್ಕಳ ಫೀಜು ಅದರಿಂದ ಕಟ್ಟಿದ್ದಾರೆ. ಪಿರಿಯಾಪಟ್ಟಣದ ರೈತ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಹಾಕಿದ ಸಾಲ ಇನ್ನೂ ತೀರಿಲ್ಲದಿರಬಹುದು. ಇಂಥದ್ದನ್ನು ಒಂದೇ ಏಟಿಗೆ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ಭೂತಾನ್ ಇದೆ. 2004ರಲ್ಲಿ ತಂಬಾಕು ಮಾರಾಟವನ್ನೇ ನಿಲ್ಲಿಸಿದ ಆ ದೇಶ, ಗಡಿಯಾಚೆಯಿಂದ, ಅಂದರೆ ನಮ್ಮ ಕಡೆಯಿಂದ, ಕಳ್ಳಸಾಗಣೆಯಲ್ಲಿ ಬರುತ್ತಿದ್ದ ಮಾಲನ್ನು ತಡೆಯಲಾಗದೆ, ಕೋವಿಡ್ ಕಾಲದಲ್ಲಿ ಆ ಓಡಾಟವೇ ಸೋಂಕಿನ ದಾರಿಯಾದೀತೆಂಬ ಭಯವೂ ಸೇರಿ, 2021ರಲ್ಲಿ ಕಾನೂನನ್ನೇ ಬದಲಿಸಿತು. 2019ರ ಭಾರತದಲ್ಲಿ ವೇಪ್‌ಗೆ ಅಂಥ ಬೇರು ಇಳಿದಿರಲಿಲ್ಲ. ಯಾವ ತಾಲ್ಲೂಕಿನ ಬದುಕೂ ಅದರ ಮೇಲೆ ನಿಂತಿರಲಿಲ್ಲ. ಬೇರು ಬಿಡುವ ಮುಂಚೆ ತಡೆಯುವುದು ಅಗ್ಗ, ಬಿಟ್ಟ ಮೇಲೆ ತುಂಬಾ ದುಬಾರಿ. ಹಳೆಯದನ್ನು ಕೀಳಲಾಗಲಿಲ್ಲ ಎಂಬುದು ಹೊಸದನ್ನು ನೆಡಲು ಕಾರಣವಾಗಬೇಕಿಲ್ಲ.

ಸ್ವಾತಂತ್ರ್ಯದ ವಾದ ಇದಕ್ಕಿಂತ ಗಂಭೀರವಾದದ್ದು. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಚೀನಾ ದೇಶ ಅಫೀಮಿನ ಆಮದನ್ನು ತಡೆದದ್ದನ್ನು ಚರ್ಚಿಸುತ್ತಾನೆ. ಅವನ ಪ್ರಕಾರ ಇಂಥ ತಡೆಯಲ್ಲಿ ತೊಂದರೆಯಾಗುವುದು ಮಾರುವವನ ಹಕ್ಕಿಗಲ್ಲ, ಕೊಳ್ಳುವವನ ಸ್ವಾತಂತ್ರ್ಯಕ್ಕೆ. ನಮ್ಮ ಕಾಯ್ದೆ ಸೇದುವವನನ್ನು ಮುಟ್ಟದೆ ಅಂಗಡಿಯನ್ನಷ್ಟೇ ಮುಚ್ಚಿಸಿದ ಜಾಣತನಕ್ಕೆ ಇದು ನೇರ ಉತ್ತರ. ಬೀಗ ಹಾಕಿದ್ದು ಅಂಗಡಿಗೆ, ಬರಿಗೈಯಲ್ಲಿ ಮರಳುವವನು ಗಿರಾಕಿ. ಒಂದು ಮಾತು ಇಲ್ಲಿ ಹೇಳಲೇಬೇಕು. ಮಿಲ್ ಮೂವತ್ತೈದು ವರ್ಷ ನೌಕರಿ ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲಿ. ಚೀನಾಕ್ಕೆ ಹೋಗುತ್ತಿದ್ದ ಬಂಗಾಳದ ಅಫೀಮಿನ ಏಕಸ್ವಾಮ್ಯ ಇದ್ದದ್ದು ಅದೇ ಕಂಪನಿಯ ಕೈಯಲ್ಲಿ. ಅವನ ವಾದ ಇದರಿಂದ ಸುಳ್ಳಾಗುವುದಿಲ್ಲ. ಆದರೆ ಕೊಳ್ಳುವವನ ಸ್ವಾತಂತ್ರ್ಯದ ಬಗ್ಗೆ ಮಾರುವ ಮನೆಯಿಂದ ಮಾತು ಬಂದಾಗ ಒಂದು ಕಿವಿಯನ್ನು ಎಚ್ಚರವಾಗಿಟ್ಟುಕೊಂಡು ಕೇಳುವುದು ಒಳ್ಳೆಯದು. 2018ರಲ್ಲಿ ಅಮೆರಿಕದ ಸಿಗರೇಟು ಕಂಪನಿ ಆಲ್ಟ್ರಿಯಾ, ಜೂಲ್ ಎಂಬ ವೇಪ್ ಕಂಪನಿಯ 35 ಪ್ರತಿಶತ ಪಾಲನ್ನು 1,280 ಕೋಟಿ ಡಾಲರ್ ಕೊಟ್ಟು ಕೊಂಡಾಗಲೂ ಧೂಮಪಾನಿಗಳ ಆಯ್ಕೆಯ ಬಗ್ಗೆಯೇ ಮಾತು ನಡೆದಿತ್ತು.

ಮಿಲ್‌ನ ಅದೇ ಪುಸ್ತಕದಲ್ಲಿ ಅವನಿಗೇ ತಿರುಗಿ ನಿಲ್ಲುವ ಇನ್ನೊಂದು ವಿಚಾರವಿದೆ. ಒಬ್ಬನು ತನ್ನನ್ನೇ ಗುಲಾಮನಾಗಿ ಮಾರಿಕೊಳ್ಳುವ ಒಪ್ಪಂದವನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಎತ್ತಿಹಿಡಿಯಲಾಗದು, ಏಕೆಂದರೆ ಆ ಒಂದು ಆಯ್ಕೆ ಮುಂದಿನ ಎಲ್ಲ ಆಯ್ಕೆಗಳನ್ನೂ ಮುಗಿಸುತ್ತದೆ. ನಿಕೊಟಿನ್ ಗುಲಾಮಗಿರಿ ಎಂದರೆ ಅತಿಯಾದೀತು. ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಆದರೂ ಹದಿನೈದರ ಹುಡುಗ ಮಾವಿನ ಹಣ್ಣಿನ ಪರಿಮಳಕ್ಕೆ ಮನಸೋತು ಎಳೆದ ಮೊದಲ ಧಮ್ಮನ್ನು ಮೂವತ್ತರ ಗಂಡಸಿನ ಒಪ್ಪಿಗೆ ಎಂದು ಎಣಿಸುವುದು ಹೇಗೆ? ಮಿಲ್ ತನ್ನ ತತ್ವದಿಂದ ಮಕ್ಕಳನ್ನು ಹೊರಗಿಟ್ಟಿದ್ದ. ಮಕ್ಕಳಾಗಿದ್ದಾಗ ಅಂಟಿ ದೊಡ್ಡವರಾದ ಮೇಲೂ ಬಿಡದ ಸರಕಿಗೆ ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಅವನು ಹೇಳಿಲ್ಲ. ನಿಷೇಧದ ಪರ ಇರುವ ವಾದಗಳಲ್ಲಿ ನನಗೆ ನಿಲ್ಲುವಂಥದ್ದಾಗಿ ಕಾಣುವುದು ಇದೊಂದೇ. ದೊಡ್ಡವನನ್ನು ಅವನಿಂದಲೇ ಕಾಪಾಡುತ್ತೇವೆ ಎಂಬ ಸರ್ಕಾರಿ ಮಮತೆ ನನಗೆ ಬೇಡ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ವೇಪ್ ಸಿಗರೇಟಿಗಿಂತ ಸುಮಾರು 95 ಪ್ರತಿಶತ ಕಡಿಮೆ ಹಾನಿಕರ ಎಂದಿತು. ಆ ಅಂಕಿಯ ಮೇಲೆ ಜಗಳ ಇನ್ನೂ ಮುಗಿದಿಲ್ಲ. 2023ರಲ್ಲಿ ಅಲ್ಲಿನ ಸರ್ಕಾರ ಹತ್ತು ಲಕ್ಷ ಧೂಮಪಾನಿಗಳಿಗೆ ವೇಪ್ ಕಿಟ್ಟು ಉಚಿತವಾಗಿ ಕೊಡುವ ಯೋಜನೆ ಪ್ರಕಟಿಸಿತು; 2025ರ ಜೂನ್ 1ರಿಂದ, ಮಕ್ಕಳ ಕೈಗೆ ಸಿಗುತ್ತಿದ್ದ, ಬಳಸಿ ಬಿಸಾಡುವ ವೇಪ್‌ಗಳನ್ನು ನಿಲ್ಲಿಸಿತು. ಇದನ್ನೇ ನಾವೂ ಮಾಡಬಹುದಿತ್ತಲ್ಲ ಎನ್ನುವವರು ನಮ್ಮ ಲೆಕ್ಕವನ್ನೂ ನೋಡಬೇಕು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ 28.6 ಪ್ರತಿಶತ ಜನ ತಂಬಾಕು ಬಳಸುತ್ತಾರೆ. ಅಗಿಯುವುದು, ಬಾಯಲ್ಲಿಡುವುದು ಇತ್ಯಾದಿ ಹೊಗೆಯಿಲ್ಲದ ಬಳಕೆ 21.4, ಬೀಡಿ 7.7, ಸಿಗರೇಟು 4. ಖೈನಿ ತಿಕ್ಕುವ ಗಾರೆ ಕೆಲಸದವನಾಗಲಿ, ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಯಾಗಲಿ ಚಾರ್ಜರು ಹುಡುಕಿಕೊಂಡು ವೇಪ್‌ಗೆ ಬದಲಾಗುವವರಲ್ಲ. ಬೀಡಿ ಸೇದುವವನಿಗೆ ಅದು ಕೈಗೆಟುಕುವುದೂ ಇಲ್ಲ. ತೆರೆದ ಮಾರುಕಟ್ಟೆ ಇದ್ದಿದ್ದರೆ ಅದು ಹುಡುಕುತ್ತಿದ್ದದ್ದು ಇವರನ್ನಲ್ಲ, ನಗರದ ಕಾಲೇಜು ಹುಡುಗರನ್ನು. ಬ್ರಿಟನ್ನಿನ ಲಾಭ ನಮಗೆ ಬರುತ್ತಿರಲಿಲ್ಲ, ನಷ್ಟ ಪೂರ್ತಿ ಬರುತ್ತಿತ್ತು.

ಹಾಗಾದರೆ ನಿಷೇಧ ಸರಿ. ಆದರೆ ಸಿಗರೇಟು ಸೇದುವ ಆ ನಾಲ್ಕು ಪ್ರತಿಶತ? ನಮ್ಮ ವಯಸ್ಕರ ಲೆಕ್ಕದಲ್ಲಿ ಅದು ನಾಲ್ಕು ಕೋಟಿಯ ಹತ್ತಿರ. ಇವರಲ್ಲಿ ವೇಪ್ ಹಿಡಿದು ಸಿಗರೇಟು ಬಿಡಬಹುದಾಗಿದ್ದವರು ಇದ್ದೇ ಇದ್ದಾರೆ. ನಿಕೊಟಿನ್ ಚೂಯಿಂಗ್ ಗಮ್ಮಿಗಿಂತ ವೇಪ್‌ನಿಂದ ಹೆಚ್ಚು ಜನ ಬಿಡುತ್ತಾರೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಇನ್ನೂ ಸೇದಲು ಶುರುಮಾಡದ ಹುಡುಗನ ಹೆಸರಿನಲ್ಲಿ ಈಗಾಗಲೇ ಕೆಮ್ಮುತ್ತಿರುವವನ ಒಂದು ದಾರಿಯನ್ನು ನಾವು ಮುಚ್ಚಿದ್ದೇವೆ. ಆ ಆಯ್ಕೆಯನ್ನು ನಾನೂ ಮಾಡುತ್ತಿದ್ದೆ. ಮಾಡಿದ ಮೇಲೆ ಅವನಿಗೆ ನಾವು ಋಣಿಗಳು. ಆಸ್ಟ್ರೇಲಿಯಾ 2024ರಿಂದ ವೇಪನ್ನು ಔಷಧದಂಗಡಿಗಳಲ್ಲಿ ಮಾತ್ರ ಮಾರಲು ಬಿಟ್ಟಿದೆ. ಕಳ್ಳಮಾಲಿನ ಕಾಟ ಅಲ್ಲೂ ತಪ್ಪಿಲ್ಲ, ಆದರೆ ಬಿಡಬೇಕೆನ್ನುವವನಿಗೆ ಒಂದು ಬಾಗಿಲಾದರೂ ಇದೆ. ನಮ್ಮಲ್ಲಿ ವೈದ್ಯರ ಚೀಟಿಗೆ ಸಿಗುವ ಅಂಥ ಕಿಂಡಿಯೂ ಇಲ್ಲ.

ತಡೆ ಕಾಗದದ ಮೇಲಷ್ಟೇ ಉಳಿದರೆ ಋಣ ಇನ್ನೂ ಬೆಳೆಯುತ್ತದೆ. ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ವೇಪ್ ಅಷ್ಟೂ ಕಷ್ಟಪಡಲಿಲ್ಲ, ಫೋನಿನಲ್ಲೊಂದು ಮೆಸೇಜು ಹಾಕಿದರೆ ಮನೆಬಾಗಿಲಿಗೆ ಬರುತ್ತದೆ. ತರುವವನು ವಯಸ್ಸು ಕೇಳುವುದಿಲ್ಲ. ಕಾನೂನುಬದ್ಧ ಸಿಗರೇಟಿನ ಪ್ಯಾಕಿನ ಮೇಲೆ ಕೊಳೆತ ಬಾಯಿಯ ಚಿತ್ರದ ಜೊತೆಗೆ 2018ರಿಂದ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯೂ ಇದೆ. ಬಿಡಬೇಕೆನ್ನುವವನು ಅಲ್ಲಿಗೆ ಕರೆ ಮಾಡಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ. ಕಳ್ಳದಾರಿಯಲ್ಲಿ ಬಂದ ವೇಪ್ ಪೆಟ್ಟಿಗೆಯ ಮೇಲೆ ನಮ್ಮ ಕಾನೂನು ಏನನ್ನೂ ಅಚ್ಚು ಹಾಕಿಸಲಾರದು. ಆ ಸಂಖ್ಯೆಯನ್ನು ವೇಪ್ ಸೇದುವ ಹುಡುಗರಿಗೆ ಮುಟ್ಟಿಸಬೇಕಾದರೆ ಕಾಲೇಜಿನ ಗೇಟಿನವರೆಗೆ ಸರ್ಕಾರವೇ ನಡೆದುಕೊಂಡು ಹೋಗಬೇಕು, ಅದೂ ಪೊಲೀಸರನ್ನು ಜೊತೆಗೆ ಕರೆದುಕೊಳ್ಳದೆ.