ಒಕ್ಕಾಲು ಓದು, ಮುಕ್ಕಾಲು ಬುದ್ಧಿ

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆ ನಮ್ಮಲ್ಲಿ ಹೆಚ್ಚಾಗಿ ಬಳಕೆಯಾಗುವುದು ಓದಿದವರನ್ನು ಹಂಗಿಸಲು. ಡಿಗ್ರಿ ಮುಗಿಸಿದ ಹುಡುಗ ಒಂದು ಅರ್ಜಿ ಬರೆಯಲು ತಡವರಿಸಿದರೆ ಮನೆಯ ಹಿರಿಯರ ಬಾಯಿಂದ ಇದು ತಪ್ಪದೆ ಬರುತ್ತದೆ. ಆದರೆ ಗಾದೆ ಓದನ್ನು ತಳ್ಳಿಹಾಕಿಲ್ಲ, ಅದಕ್ಕೆ ಸಲ್ಲಬೇಕಾದ ಪಾಲು ಕೊಟ್ಟಿದೆ. ಮಿಕ್ಕ ಮೂರು ಪಾಲು ಓದಿದ್ದನ್ನು ಪ್ರಶ್ನಿಸಿ, ಕೈಯಾರೆ ಮಾಡಿ ನೋಡಿ, ಒಪ್ಪದವರೊಡನೆ ವಾದಿಸಿ ದಕ್ಕಿಸಿಕೊಳ್ಳುವಂಥದ್ದು. ಕಾಲೇಜು ಇರಬೇಕಾದದ್ದೇ ಆ ಮೂರು ಪಾಲಿಗಾಗಿ.

ಇವತ್ತು ಆ ಒಕ್ಕಾಲಿಗೂ ಸಂಚಕಾರ ಬಂದಿದೆ. ಪಠ್ಯಪುಸ್ತಕದ ಜಾಗಕ್ಕೆ ಗೈಡು ಬಂತು, ಗೈಡಿನ ಜಾಗಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಬಂತು. ಪ್ರವೇಶದ ಹೊತ್ತಿಗೆ ಪೋಷಕರು ಕೇಳುವುದು ಪ್ಲೇಸ್‌ಮೆಂಟ್ ಎಷ್ಟು, ಪ್ಯಾಕೇಜ್ ಎಷ್ಟು ಎಂದು. ಸಾಲ ಮಾಡಿ ಶುಲ್ಕ ಕಟ್ಟುವವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಕಾಲೇಜುಗಳು ಅದೊಂದಕ್ಕೇ ಉತ್ತರ ಸಿದ್ಧಮಾಡಿಕೊಂಡು ಕೂತಿರುವುದು ತಪ್ಪು.

ರಾಜ್ಯ ಸರ್ಕಾರದ ಆದ್ಯತೆಯೂ ನೆಟ್ಟಗಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಪದವಿ ಬಂತು; 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ವರ್ಷ ಮೂರೋ ನಾಲ್ಕೋ ಎಂಬ ಜಗ್ಗಾಟದಲ್ಲಿ ತರಗತಿಯೊಳಗೆ ಪಾಠ ಮಾಡುವವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಸೇವಾ ಭದ್ರತೆ ಕೇಳಿ ಅವರು ಬೀದಿಗಿಳಿದರು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದವರು ವಿದ್ಯಾರ್ಥಿಯ ಸಂಶಯಕ್ಕೆ ಸಾವಧಾನವಾಗಿ ಕೂತು ಉತ್ತರಿಸಬೇಕೆಂದು ಬಯಸುವುದು ಅನ್ಯಾಯ.

ಬುದ್ಧಿಯ ಮುಕ್ಕಾಲನ್ನು ಕಾಲೇಜು ಬೆಳೆಸಬಲ್ಲದೇ? ಬಲ್ಲದು ಎನ್ನಲು ನನಗೆ ಎಚ್. ನರಸಿಂಹಯ್ಯನವರೇ ಸಾಕು. ಗೌರಿಬಿದನೂರು ಬಳಿಯ ಹೊಸೂರಿನ ಬಡ ಮನೆಯಿಂದ ಬಂದು, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನ ಓದಿ, ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಮರಳಿದವರು. ವಿದ್ಯಾರ್ಥಿಗಳ ಜೊತೆ ಹಾಸ್ಟೆಲಿನಲ್ಲೇ ಬದುಕಿದವರು. 1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ಉಪನ್ಯಾಸ, ಬಾಗಿಲು ಎಲ್ಲರಿಗೂ ತೆರೆದದ್ದು. ಹಾಜರಾತಿಯಿಲ್ಲ, ಅಂಕವಿಲ್ಲ, ಶುಲ್ಕವಿಲ್ಲ. ಆದರೂ ಜನ ಬಂದು ಕೂತರು, ಪ್ರಶ್ನೆ ಕೇಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಎಂದವರಿದ್ದರು. ಕೇಳಿ ನೋಡುವ ಧೈರ್ಯವನ್ನು ವಿಶ್ವವಿದ್ಯಾಲಯವೇ ತೋರದಿದ್ದರೆ ಹದಿನೆಂಟರ ಹುಡುಗಿ ಅದನ್ನು ಎಲ್ಲಿಂದ ಕಲಿಯಬೇಕು?

ಬುದ್ಧಿಯ ಈ ಮುಕ್ಕಾಲು ಬೆಳೆಯಲು ಬೇಕಾದದ್ದು ಕಾಯಂ ಅಧ್ಯಾಪಕರು, ಸಂಜೆಯೂ ತೆರೆದಿರುವ ಗ್ರಂಥಾಲಯ, ವಿದ್ಯಾರ್ಥಿಗಳೇ ಉಪಕರಣ ಮುಟ್ಟಬಹುದಾದ ಪ್ರಯೋಗಾಲಯ. ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುವವರು ಪ್ಯಾಕೇಜಿನ ಜೊತೆಗೆ ಈ ಮೂರನ್ನೂ ಕೇಳಿ. ಸಮಾಧಾನದ ಉತ್ತರ ಸಿಗದಿದ್ದರೆ ಬೇರೆ ಕಾಲೇಜು ನೋಡಿ.